ಕ್ರಿಸ್ಮಸ್ ಊಟದಲ್ಲಿ ಕರ್ರಿ: ಅಡುಗೆಯನ್ನು ಒಪ್ಪಿದವರು ಅಡುಗೆಯವನನ್ನು ಒಪ್ಪಿದರೇ?

ಬ್ರಿಟನ್ನಿನಲ್ಲಿ ಡಿಸೆಂಬರ್ 25ರ ಮಧ್ಯಾಹ್ನದ ಊಟಕ್ಕೆ ಒಂದು ನಿಶ್ಚಿತ ರೂಪವಿದೆ. ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ, ಹುರಿದ ಆಲೂಗಡ್ಡೆ, ಬೇಯಿಸಿದ ಪುಟ್ಟ ಕೋಸುಗಳು, ಕೊನೆಯಲ್ಲಿ ಒಣದ್ರಾಕ್ಷಿ ತುಂಬಿದ ಪುಡ್ಡಿಂಗ್. ಕುಟುಂಬದವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಉಣ್ಣುವ ಈ ಊಟವನ್ನು ಅಲ್ಲಿನವರು ತಮ್ಮ ಸಂಪ್ರದಾಯದ ಗುರುತೆಂದೇ ಭಾವಿಸುತ್ತಾರೆ. ಆದರೆ ಇಂದು ಅದೇ ದೇಶದಲ್ಲಿ, ಅದೇ ದಿನ, ಟರ್ಕಿಯನ್ನು ಬದಿಗಿಟ್ಟು ಕರ್ರಿ ಮತ್ತು ಅನ್ನವನ್ನು ಬಡಿಸುವ ಮನೆಗಳಿವೆ. ಕ್ರಿಸ್ಮಸ್ ಊಟಕ್ಕೆಂದೇ ಬಾಗಿಲು ತೆರೆದಿಡುವ ಕರ್ರಿ ಹೋಟೆಲುಗಳಿವೆ. ಈ ಬದಲಾವಣೆಯನ್ನು ಕೆಲವರು ಸಂತೋಷದಿಂದ ಸ್ವಾಗತಿಸಿದರೆ, ಇನ್ನು ಕೆಲವರು ತಮ್ಮ ಹಿರಿಯರ ಸಂಪ್ರದಾಯ ಕೈತಪ್ಪಿ ಹೋಯಿತೆಂದು ಕೊರಗುತ್ತಾರೆ.

ದೂರದ ದೇಶದ ಕ್ರೈಸ್ತ ಬಾಂಧವರ ಹಬ್ಬದೂಟದ ವಿಚಾರ ನಮಗೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಆ ಮೇಜಿನ ಮೇಲೆ ಕರ್ರಿಯ ತಟ್ಟೆಯನ್ನು ತಂದಿಟ್ಟ ಕೈಗಳಲ್ಲಿ ಬಹುಪಾಲು ಮುಸ್ಲಿಮರವು. ಪಾಟ್ನಾ, ಆಗ್ರಾ ಮತ್ತು ಸಿಲ್ಹೆಟ್‌ನಿಂದ ಹೊರಟವರ ಕೈಗಳವು. ಅವರ ಇತಿಹಾಸವನ್ನು ಅರಿಯುವುದೆಂದರೆ, ಪರದೇಶದಲ್ಲಿ ಅಲ್ಪಸಂಖ್ಯಾತರಾಗಿ ಬದುಕಿದವರು ಏನನ್ನು ಗಳಿಸಿದರು, ಏನು ಅವರ ಕೈಗೆ ಸಿಗದೆ ಉಳಿಯಿತು ಎಂಬುದನ್ನು ಅರಿತಂತೆ.

ಮೊದಲಿಗೆ ಟರ್ಕಿಯ ವಂಶಾವಳಿಯನ್ನೇ ನೋಡೋಣ. ಈ ಪಕ್ಷಿ ಇಂಗ್ಲೆಂಡಿನದೂ ಅಲ್ಲ, ಟರ್ಕಿ ದೇಶದ್ದೂ ಅಲ್ಲ. ಅದರ ಮೂಲ ಅಮೆರಿಕ ಖಂಡ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಸಾಕುತ್ತಿದ್ದರು. ಸ್ಪೇನಿನವರ ಮೂಲಕ ಅದು ಯುರೋಪನ್ನು ತಲುಪಿ, 16ನೇ ಶತಮಾನದ ಮೊದಲಾರ್ಧದಲ್ಲಿ ಇಂಗ್ಲೆಂಡಿಗೆ ಬಂತು. ಎಲ್ಲಿಂದ ಬಂತೆಂಬ ಗೊಂದಲ ಅದರ ಹೆಸರುಗಳಲ್ಲಿಯೇ ಉಳಿದಿದೆ. ಇಂಗ್ಲಿಷರು ಅದನ್ನು ತುರ್ಕರ ನಾಡಿಗೆ ಸೇರಿಸಿದರು. ತುರ್ಕರು ಅದನ್ನು 'ಹಿಂದಿ' ಎಂದು ಕರೆದು ಹಿಂದೂಸ್ತಾನಕ್ಕೆ ಸೇರಿಸಿದರು. ಫ್ರೆಂಚರ ಹೆಸರೂ ಭಾರತವನ್ನೇ ಸೂಚಿಸುತ್ತದೆ. ಡಚ್ಚರು 'ಕಾಲ್ಕೂನ್' ಎಂದರು. ಅದು ನಮ್ಮ ನೆರೆಯ ಕಲ್ಲಿಕೋಟೆಯ ಹೆಸರಿನಿಂದ ಹುಟ್ಟಿದ ಪದ. ಅರಬಿಯಲ್ಲಿ ಅದು 'ದೀಕ್ ರೂಮೀ', ಅಂದರೆ ರೂಮಿನ ಹುಂಜ. ಪ್ರತಿಯೊಬ್ಬರೂ ಅದನ್ನು ಇನ್ನೊಬ್ಬರ ಹಕ್ಕಿಯೆಂದೇ ತಿಳಿದರು.

ಮೊಗಲ್ ದರ್ಬಾರಿಗೂ ಈ ಪಕ್ಷಿ ಬಂದಿತ್ತು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದಿಂದ ಅಪರೂಪದ ಪ್ರಾಣಿಪಕ್ಷಿಗಳನ್ನು ಜಹಾಂಗೀರ್ ಬಾದಶಹನ ಬಳಿಗೆ ತಂದಾಗ ಅವುಗಳಲ್ಲಿ ಟರ್ಕಿಯೂ ಇತ್ತು. ಅದರ ತಲೆ ಮತ್ತು ಕೊರಳಿನ ಬಣ್ಣ ಮತ್ತೆ ಮತ್ತೆ ಬದಲಾಗುವುದನ್ನು ಕಂಡು ಬೆರಗಾದ ಬಾದಶಹನು ತನ್ನ ಆತ್ಮಕಥನದಲ್ಲಿ ಅದನ್ನು ವಿವರವಾಗಿ ಬರೆದಿರಿಸಿದ್ದಾನೆ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ರಚಿಸಿದ ಆ ಪಕ್ಷಿಯ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇಂಗ್ಲೆಂಡಿನಲ್ಲಿಯೂ ಟರ್ಕಿ ಬಹುಕಾಲ ಶ್ರೀಮಂತರ ಮೇಜಿನ ಆಹಾರವಾಗಿತ್ತು. ರೈಲು ಬರುವ ಮೊದಲು ನಾರ್ಫೋಕ್ ಪ್ರಾಂತದಿಂದ ಅವುಗಳನ್ನು ಹಿಂಡುಹಿಂಡಾಗಿ ನಡೆಸಿಕೊಂಡು ಲಂಡನ್ನಿಗೆ ತರಲಾಗುತ್ತಿತ್ತು. ಸಾಮಾನ್ಯ ಕುಟುಂಬದ ಕ್ರಿಸ್ಮಸ್ ಊಟವೆಂದರೆ ಹೆಬ್ಬಾತು ಅಥವಾ ದನದ ಮಾಂಸ. ಹೆಬ್ಬಾತಿಗಾಗಿ ಬಡ ಕಾರ್ಮಿಕರು ವಾರವಾರವೂ ಚಿಲ್ಲರೆ ಕಾಸು ಕಟ್ಟಿ ಚೀಟಿ ನಡೆಸುತ್ತಿದ್ದರು. 1843ರಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರಲ್' ಕಥೆಯಲ್ಲಿ ಬಡ ಕ್ರ್ಯಾಚಿಟ್ ಕುಟುಂಬ ಉಣ್ಣುವುದು ಹೆಬ್ಬಾತನ್ನು. ಮನಪರಿವರ್ತನೆಗೊಂಡ ಜಿಪುಣ ಸ್ಕ್ರೂಜ್ ಅವರ ಮನೆಗೆ ಉಡುಗೊರೆಯಾಗಿ ಕಳುಹಿಸುವುದು ಟರ್ಕಿಯನ್ನು. ಟರ್ಕಿ ಎಲ್ಲರ ಮನೆಯ ಕ್ರಿಸ್ಮಸ್ ಆಹಾರವಾದುದು ಎರಡನೆಯ ಮಹಾಯುದ್ಧದ ನಂತರ, ದೊಡ್ಡ ಕೋಳಿಸಾಕಣೆಗಳು ಬಂದು ಬೆಲೆ ಇಳಿದ ಮೇಲೆ. ಪುಡ್ಡಿಂಗಿನ ದಾಲ್ಚಿನ್ನಿ, ಜಾಯಿಕಾಯಿ, ಲವಂಗಗಳು ಏಷ್ಯಾದವು. ಆಲೂಗಡ್ಡೆ ಅಮೆರಿಕದ್ದು. ಹೀಗೆ ನೋಡಿದರೆ, ಯಾವುದನ್ನು ಅನಾದಿಯೆಂದು ಭಾವಿಸಲಾಗಿದೆಯೋ ಆ ಊಟದ ಬಹುಭಾಗ ಹಡಗಿನಲ್ಲಿ ಬಂದದ್ದು.

ಕರ್ರಿ ಬಂದದ್ದೂ ಹಡಗಿನಲ್ಲಿಯೇ. ಪದದ ಮೂಲವನ್ನು ಸಾಮಾನ್ಯವಾಗಿ ತಮಿಳಿನ 'ಕರಿ'ಯಲ್ಲಿ ಗುರುತಿಸುತ್ತಾರೆ. ಆದರೆ ಪೋರ್ಚುಗೀಸರು ಬಳಸಿದ 'ಕರಿಲ್' ಎಂಬ ರೂಪ ಕನ್ನಡದಿಂದ ಪಡೆದದ್ದೆಂದು 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಪದಕೋಶ ಹೇಳುತ್ತದೆ. ಇಂಗ್ಲಿಷರು ನಮ್ಮ ಸಾರು, ಗಸಿ, ಸಾಲನ್, ಕೋರ್ಮಾಗಳ ವ್ಯತ್ಯಾಸವನ್ನೆಲ್ಲ ಅಳಿಸಿ ಎಲ್ಲಕ್ಕೂ ಒಂದೇ ಹೆಸರಿಟ್ಟರು. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ಪ್ರಕಟಿಸಿದ ಪಾಕಶಾಸ್ತ್ರದ ಪುಸ್ತಕದಲ್ಲಿ ಭಾರತೀಯ ರೀತಿಯಲ್ಲಿ ಕರ್ರಿ ಮಾಡುವ ವಿಧಾನವಿದೆ. 1773ರ ವೇಳೆಗೆ ಲಂಡನ್ನಿನ ನಾರಿಸ್ ಸ್ಟ್ರೀಟ್ ಕಾಫಿ ಹೌಸಿನಲ್ಲಿ ಅದು ದೊರೆಯುತ್ತಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಯಲ್ಲಿ ಹಣ ಮಾಡಿ ಮರಳಿದ ಸಾಹೇಬರಿಗೆ ಇಲ್ಲಿನ ರುಚಿ ನಾಲಗೆಯಲ್ಲಿ ಉಳಿದಿತ್ತು.

ಆದರೆ ಭಾರತೀಯನೊಬ್ಬ ತನ್ನದೇ ಹೋಟೆಲು ತೆರೆದು ಆ ರುಚಿಯನ್ನು ಬಡಿಸಿದ್ದು 1810ರಲ್ಲಿ. ಆತ ಪಾಟ್ನಾದಲ್ಲಿ 1759ರಲ್ಲಿ ಜನಿಸಿದ ಶೇಖ್ ದೀನ್ ಮುಹಮ್ಮದ್. ಕಂಪೆನಿಯ ಸೇನೆಯಲ್ಲಿದ್ದ ಕ್ಯಾಪ್ಟನ್ ಗಾಡ್‌ಫ್ರೇ ಬೇಕರ್ ಎಂಬಾತನೊಡನೆ 1784ರಲ್ಲಿ ಐರ್ಲೆಂಡಿಗೆ ಹೋದ ದೀನ್ ಮುಹಮ್ಮದ್, ಜೇನ್ ಡೇಲಿ ಎಂಬ ಐರಿಷ್ ಮಹಿಳೆಯನ್ನು ಮದುವೆಯಾಗಿ ಅಲ್ಲಿನ ಚರ್ಚನ್ನು ಸೇರಿದನು. 1794ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಗ್ರಂಥ. ಲಂಡನ್ನಿನ ಪೋರ್ಟ್‌ಮನ್ ಸ್ಕ್ವೇರ್ ಬಳಿಯ ಜಾರ್ಜ್ ಸ್ಟ್ರೀಟಿನಲ್ಲಿ ಅವನು ತೆರೆದ 'ಹಿಂದೂಸ್ತಾನೀ ಕಾಫಿ ಹೌಸ್'ನಲ್ಲಿ ಬಿದಿರಿನ ಕುರ್ಚಿಗಳಿದ್ದವು, ಹುಕ್ಕಾ ಇತ್ತು, ಹಿಂದೂಸ್ತಾನದ ಅಡುಗೆಯಿತ್ತು. ಆದರೆ ಯಾವ ಸಾಹೇಬರನ್ನು ನಂಬಿ ಹೋಟೆಲು ತೆರೆದನೋ ಅವರಲ್ಲಿ ಅನೇಕರು ಮನೆಯಲ್ಲಿಯೇ ಕರ್ರಿ ಮಾಡಿಸಿಕೊಳ್ಳಬಲ್ಲವರಾಗಿದ್ದರು. 1812ರಲ್ಲಿ ಅವನು ದಿವಾಳಿಯಾದನು. ಮುಂದೆ ಬ್ರೈಟನ್ ನಗರದಲ್ಲಿ ಸ್ನಾನಗೃಹ ನಡೆಸಿ, ಚಂಪಿಯ ಕಲೆಯಿಂದ ಹೆಸರು ಗಳಿಸಿ, ಇಬ್ಬರು ಅರಸರ ಸೇವೆಯ ಗೌರವಕ್ಕೂ ಪಾತ್ರನಾಗಿ 1851ರಲ್ಲಿ ತೀರಿಕೊಂಡನು. ಅವನ ಹೋಟೆಲಿದ್ದ ಸ್ಥಳದಲ್ಲಿ ಸ್ಮಾರಕ ಫಲಕ ಬಂದದ್ದು 2005ರಲ್ಲಿ, ಸುಮಾರು ಎರಡು ಶತಮಾನಗಳ ನಂತರ.

ಅರಮನೆಯ ಕಥೆ ಇನ್ನೂ ಮಾರ್ಮಿಕವಾದುದು. 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದಾಗ, ಆಗ್ರಾದಿಂದ ಅಬ್ದುಲ್ ಕರೀಮ್ ಎಂಬ ತರುಣ ಊಟ ಬಡಿಸುವ ಕೆಲಸಕ್ಕೆ ಸೇರಿದನು. ರಾಣಿಗೆ ಕರ್ರಿಯ ರುಚಿ ಹಿಡಿಸಿತು. ಅರಮನೆಯ ಅಡುಗೆಮನೆಯಲ್ಲಿ ಅದು ನಿತ್ಯದ ಪದಾರ್ಥವಾಯಿತು. ಅಬ್ದುಲ್ ಕರೀಮ್ ರಾಣಿಗೆ ಉರ್ದು ಕಲಿಸಿದನು, 'ಮುನ್ಷಿ' ಎಂಬ ಪದವಿಯನ್ನು ಪಡೆದನು. ಆದರೆ ರಾಜಪರಿವಾರಕ್ಕೂ ಅಧಿಕಾರಿಗಳಿಗೂ ಅವನು ಕಣ್ಣಿನ ಕಸವಾದನು. 1901ರಲ್ಲಿ ರಾಣಿ ತೀರಿಕೊಂಡ ಕೂಡಲೇ ಹೊಸ ಅರಸ ಏಳನೆಯ ಎಡ್ವರ್ಡನ ಆಜ್ಞೆಯಂತೆ ಅವನಿಗೆ ರಾಣಿ ಬರೆದ ಪತ್ರಗಳನ್ನು ಸುಡಲಾಯಿತು, ಅವನನ್ನು ಭಾರತಕ್ಕೆ ಕಳುಹಿಸಲಾಯಿತು. 1909ರಲ್ಲಿ ಆಗ್ರಾದಲ್ಲಿ ಅವನು ಇಹಲೋಕ ತ್ಯಜಿಸಿದನು. ಕರ್ರಿ ಮಾತ್ರ ಇಂಗ್ಲೆಂಡಿನಲ್ಲಿ ಉಳಿಯಿತು.

ಇನ್ನು ನಾವು ಬಂದರಿನ ಕಡೆಗೆ ತಿರುಗಬೇಕು. ಕರ್ರಿಯನ್ನು ಸಾಮಾನ್ಯ ಬ್ರಿಟಿಷನ ಬಾಯಿಗೆ ತಲುಪಿಸಿದವರು 'ಲಸ್ಕರ್' ಎಂದು ಕರೆಯಲ್ಪಟ್ಟ ಹಡಗಿನ ಕೂಲಿಗಳು. ಅವರಲ್ಲಿ ಬಹಳಷ್ಟು ಮಂದಿ ಇಂದಿನ ಬಾಂಗ್ಲಾದೇಶದ ಸಿಲ್ಹೆಟ್‌ನ ಮುಸ್ಲಿಮರು. ಉಗಿಹಡಗಿನ ಯಂತ್ರದ ಕೋಣೆಯಲ್ಲಿ ಬೆಂಕಿಯ ಮುಂದೆ ನಿಂತು ಕಲ್ಲಿದ್ದಲು ತುಂಬುವುದು ಅವರ ಕೆಲಸ. ಬಿಳಿಯ ನಾವಿಕನಿಗಿಂತ ಕಡಿಮೆ ಕೂಲಿ, ಕಡಿಮೆ ಜಾಗ. ಆ ಬವಣೆಯನ್ನು ತಾಳಲಾರದೆ ಕೆಲವರು ಲಂಡನ್ನಿನ ಬಂದರಿನಲ್ಲಿ ಹಡಗು ಬಿಟ್ಟು ಊರೊಳಗೆ ಸೇರಿಕೊಳ್ಳುತ್ತಿದ್ದರು. ಭಾಷೆ ಬಾರದು, ಕೈಯಲ್ಲಿ ಕಾಸಿಲ್ಲ, ಹಲಾಲ್ ಆಹಾರ ಸಿಗುವ ಜಾಗ ಗೊತ್ತಿಲ್ಲ. ಅಂಥವರಿಗೆ ಆಸರೆಯಾದವರಲ್ಲಿ ಒಬ್ಬರು, ಸ್ವತಃ ಹಡಗು ತೊರೆದು ಬಂದಿದ್ದ ಸಿಲ್ಹೆಟ್‌ನ ಅಯೂಬ್ ಅಲಿ ಮಾಸ್ಟರ್. ಅವರು ಲಂಡನ್ನಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಶಾಹ್ ಜಲಾಲರ ಹೆಸರಿನ ಕಾಫಿ ಹೌಸ್ ನಡೆಸಿದರು. ಸ್ಯಾಂಡಿಸ್ ರೋ ಎಂಬ ಬೀದಿಯ 13ನೇ ಸಂಖ್ಯೆಯ ಅವರ ಮನೆ ಹಡಗು ತೊರೆದವರಿಗೆ ಊಟ, ವಸತಿ ನೀಡುವ ಆಶ್ರಯವಾಯಿತು. ಓದುಬರಹ ಬಾರದವರಿಗೆ ಪತ್ರ ಬರೆದುಕೊಟ್ಟು, ಸರಕಾರಿ ದಾಖಲೆಗಳಲ್ಲಿ ಹೆಸರು ಸೇರಿಸಲು ಅವರು ನೆರವಾದರು. ಇಂತಹ ಹಿರಿಯರ ನೆನಪುಗಳನ್ನು ಕ್ಯಾರೊಲಿನ್ ಆಡಮ್ಸ್ ಎಂಬಾಕೆ 1987ರಲ್ಲಿ ಪುಸ್ತಕವಾಗಿ ಸಂಗ್ರಹಿಸಿಕೊಟ್ಟಿದ್ದಾರೆ.

ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಲುಕಿದ ಹಳೆಯ ಚಹಾದಂಗಡಿಗಳನ್ನೂ ಮೀನು-ಆಲೂಗಡ್ಡೆ ಕರಿದು ಮಾರುವ ಅಂಗಡಿಗಳನ್ನೂ ಸಿಲ್ಹೆಟ್‌ನವರು ಅಗ್ಗದ ಬೆಲೆಗೆ ಪಡೆದರು. ಮೊದಲು ಇಂಗ್ಲಿಷರ ತಿಂಡಿಯನ್ನೇ ಮಾರಿದರು. ಅದರ ಪಕ್ಕದಲ್ಲಿ ತಮ್ಮವರಿಗಾಗಿ ಕರ್ರಿ ಮತ್ತು ಅನ್ನವನ್ನಿಟ್ಟರು. ಇತರರು ಬಾಗಿಲು ಮುಚ್ಚಿದ ಮೇಲೂ, ತಡರಾತ್ರಿಯವರೆಗೂ ಅವರ ಒಲೆ ಉರಿಯುತ್ತಿತ್ತು. ಹಸಿದು ಬಂದ ಇಂಗ್ಲಿಷರು ನಿಧಾನವಾಗಿ ಆ ತಟ್ಟೆಯತ್ತ ಕೈಚಾಚಿದರು. 1971ರಲ್ಲಿ ಬಾಂಗ್ಲಾದೇಶ ಉದಯಿಸಿದ ನಂತರವೂ ಬಾಂಗ್ಲಾದೇಶೀಯರ ಹೋಟೆಲುಗಳ ಮೇಲೆ 'ಇಂಡಿಯನ್' ಎಂಬ ಫಲಕವೇ ಮುಂದುವರಿಯಿತು. ಆ ಹೋಟೆಲುಗಳಲ್ಲಿ ಬಹುಪಾಲು ಮದ್ಯವನ್ನೂ ಮಾರಿದವು ಎಂಬುದನ್ನು ನಾವು ಮರೆಮಾಚಬೇಕಿಲ್ಲ. ಅದು ಆ ಸಮುದಾಯದೊಳಗೇ ನೋವು ಮತ್ತು ಚರ್ಚೆಗೆ ಕಾರಣವಾದ ಸಂಗತಿ. ಮದ್ಯವಿಲ್ಲದೆಯೇ ವ್ಯಾಪಾರ ನಡೆಸಲು ನಿರ್ಧರಿಸಿದವರೂ ಅವರಲ್ಲಿದ್ದಾರೆ.

ಹಾಗಾದರೆ ಕ್ರಿಸ್ಮಸ್ ಮೇಜಿಗೆ ಕರ್ರಿ ಏರಿದ್ದು ಹೇಗೆ? ಅದು ಬಂದದ್ದು ಹಿತ್ತಿಲ ಬಾಗಿಲಿನಿಂದ. ದೊಡ್ಡ ಟರ್ಕಿಯೊಂದು ಒಂದೇ ಹೊತ್ತಿನಲ್ಲಿ ಮುಗಿಯುವುದಿಲ್ಲ. ಮರುದಿನ, ಅಂದರೆ 'ಬಾಕ್ಸಿಂಗ್ ಡೇ'ಯಂದು, ಉಳಿದ ಒಣ ಮಾಂಸಕ್ಕೆ ಮಸಾಲೆ ಹಾಕಿ ಕರ್ರಿ ಮಾಡುವುದು ಇಂಗ್ಲಿಷ್ ಗೃಹಿಣಿಯರ ರೂಢಿಯಾಯಿತು. 1996ರಲ್ಲಿ ಪ್ರಕಟವಾದ ಹೆಲೆನ್ ಫೀಲ್ಡಿಂಗ್ ಅವರ ಜನಪ್ರಿಯ ಕಾದಂಬರಿ 'ಬ್ರಿಜೆಟ್ ಜೋನ್ಸ್‌ಸ್ ಡೈರಿ'ಯಲ್ಲಿ ಹೊಸ ವರ್ಷದ ಮೊದಲ ದಿನದ ಔತಣವೆಂದರೆ ಟರ್ಕಿ ಕರ್ರಿ. ಮಧ್ಯಮವರ್ಗದ ಇಂಗ್ಲಿಷ್ ಮನೆಯಲ್ಲಿ ಅದು ಎಷ್ಟು ಸಹಜವಾಗಿತ್ತೆಂಬುದಕ್ಕೆ ಇದೊಂದು ಸಾಕ್ಷಿ. ಮಿಕ್ಕಿದ್ದನ್ನು ರುಚಿಗೊಳಿಸಲು ಬಂದ ಕರ್ರಿ, ಕಾಲಕ್ರಮದಲ್ಲಿ ಹಬ್ಬದ ದಿನದ ಊಟವೇ ಆಗುವ ಮಟ್ಟಿಗೆ ಬೆಳೆಯಿತು.

ಎರಡನೆಯ ದಾರಿ ತೆರೆದ ಬಾಗಿಲಿನದು. ಕ್ರಿಸ್ಮಸ್ ದಿನ ಲಂಡನ್ನಿನಲ್ಲಿ ಭೂಗತ ರೈಲು ಓಡುವುದಿಲ್ಲ. ದೊಡ್ಡ ಅಂಗಡಿಗಳು ಅಂದು ತೆರೆಯುವಂತಿಲ್ಲವೆಂದು 2004ರ ಕಾನೂನು ವಿಧಿಸುತ್ತದೆ. ಬಂಧುಬಳಗವಿಲ್ಲದವರಿಗೆ, ಒಂಟಿ ವೃದ್ಧರಿಗೆ, ಪರಊರಿನ ವಿದ್ಯಾರ್ಥಿಗಳಿಗೆ ಆ ದಿನ ಬಹಳ ದೀರ್ಘವಾದುದು. ಆಗ ದೀಪ ಉರಿಸಿಕೊಂಡಿರುವುದು ಆ ಹಬ್ಬ ತಮ್ಮದಲ್ಲದವರ ಹೋಟೆಲುಗಳಲ್ಲಿ. ಅಮೆರಿಕದಲ್ಲಿಯೂ ಇದೇ ಕಾರಣಕ್ಕೆ ಯಹೂದಿ ಕುಟುಂಬಗಳು ಕ್ರಿಸ್ಮಸ್ ದಿನ ಚೀನೀ ಹೋಟೆಲಿಗೆ ಹೋಗುವ ರೂಢಿ ಬೆಳೆಯಿತು. ಬ್ರಿಟನ್ನಿನ ಹಲವು ಊರುಗಳಲ್ಲಿ ಮುಸ್ಲಿಮ್ ಹೋಟೆಲು ಮಾಲೀಕರು ಅಂದು ನಿರ್ಗತಿಕರಿಗೂ ಒಂಟಿಯಾದವರಿಗೂ ಹಣ ಪಡೆಯದೆ ಬಿಸಿಯೂಟ ಬಡಿಸುತ್ತಾರೆ. ಇನ್ನೊಂದೆಡೆ, ವರ್ಷವೆಲ್ಲ ದುಡಿದ ಅನೇಕ ಹೋಟೆಲು ಕಾರ್ಮಿಕರಿಗೆ ಸಿಗುವ ಅಪರೂಪದ ರಜೆಯೂ ಆ ದಿನವೇ. ಅವರ ಮನೆಗಳಲ್ಲಿ ಹಲಾಲ್ ಟರ್ಕಿಗೆ ಮೆಣಸು, ಶುಂಠಿ, ಬೆಳ್ಳುಳ್ಳಿ ಸವರಿ ಬೇಯಿಸುವುದುಂಟು. ಇಂಗ್ಲಿಷನ ಮೇಜಿಗೆ ಕರ್ರಿ ಹೋದಂತೆ, ಸಿಲ್ಹೆಟ್‌ನವನ ದಸ್ತರ್‌ಖಾನಿಗೆ ಟರ್ಕಿ ಬಂತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಸುಖಾಂತವಾಗುತ್ತಿತ್ತು. ಆದರೆ ಇತಿಹಾಸ ಅಷ್ಟು ಸರಳವಲ್ಲ. ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಎಂಬ ಬೀದಿ ಕರ್ರಿ ಹೋಟೆಲುಗಳಿಗೆ ಪ್ರಸಿದ್ಧ. ಅಲ್ಲಿನ ಜಾಮಿಅ ಮಸೀದಿಯ ಕಟ್ಟಡವನ್ನು 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟ್ ಕ್ರೈಸ್ತರು ಚರ್ಚಾಗಿ ಕಟ್ಟಿದರು. ಮುಂದೆ ಅದು ಮೆಥಡಿಸ್ಟರ ಪ್ರಾರ್ಥನಾಲಯವಾಗಿ, 1898ರಲ್ಲಿ ಯಹೂದಿಯರ ಸಿನಗಾಗ್ ಆಗಿ, 1976ರಲ್ಲಿ ಮಸೀದಿಯಾಯಿತು. ಇದಕ್ಕಿಂತ ಉದಾರವಾದ ಬೀದಿ ಯಾವುದಿದ್ದೀತು ಎನಿಸುತ್ತದೆ. ಆದರೆ ಮಸೀದಿಯಾದ ಎರಡೇ ವರ್ಷಗಳಲ್ಲಿ, 1978ರ ಮೇ 4ರ ಸಂಜೆ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಅಲ್ತಾಬ್ ಅಲಿ ಎಂಬ ಬಾಂಗ್ಲಾದೇಶದ ತರುಣ ಬಟ್ಟೆ ಕಾರ್ಮಿಕನನ್ನು ಆ ಬೀದಿಗೆ ಸಮೀಪದಲ್ಲಿಯೇ ಜನಾಂಗದ್ವೇಷಿಗಳು ಇರಿದು ಕೊಂದರು. ಕೆಲವು ದಿನಗಳ ನಂತರ ಸಾವಿರಾರು ಜನರು ಶವಪೆಟ್ಟಿಗೆಯ ಹಿಂದೆ ನಡೆದು ಪ್ರಧಾನಿಯ ನಿವಾಸದವರೆಗೆ ಹೋದರು. 1998ರಲ್ಲಿ ಅಲ್ಲಿನ ಉದ್ಯಾನವೊಂದಕ್ಕೆ ಅಲ್ತಾಬ್ ಅಲಿಯ ಹೆಸರನ್ನಿಡಲಾಯಿತು.

ಕರ್ರಿಯ ಪರಿಮಳ ಹರಡಿದ್ದ ಬೀದಿಗಳಲ್ಲಿಯೇ ಈ ರಕ್ತ ಹರಿಯಿತು. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಅವರು ಚಿಕನ್ ಟಿಕ್ಕಾ ಮಸಾಲವನ್ನು ನಿಜವಾದ ಬ್ರಿಟಿಷ್ ರಾಷ್ಟ್ರೀಯ ಖಾದ್ಯವೆಂದು ಬಣ್ಣಿಸಿದರು. ಹೊರಗಿನದನ್ನು ತನ್ನದಾಗಿಸಿಕೊಳ್ಳುವ ಸಮಾಜದ ಗುಣವನ್ನು ಅವರು ಮೆಚ್ಚಿದ್ದರು. ಆ ಮಾತಿಗೆ ಬೆಲೆಯಿದೆ. ಆದರೆ ಅಬ್ದುಲ್ ಕರೀಮನ ಸುಟ್ಟ ಪತ್ರಗಳನ್ನೂ ಅಲ್ತಾಬ್ ಅಲಿಯ ಶವಪೆಟ್ಟಿಗೆಯನ್ನೂ ನೆನೆದಾಗ ನಮಗನಿಸುವುದಿಷ್ಟು: ಒಂದು ಜನಾಂಗದ ಅಡುಗೆಯನ್ನು ಒಪ್ಪುವುದು ಸುಲಭ, ಅಡುಗೆ ಮಾಡಿದವನನ್ನು ಒಪ್ಪುವುದು ಕಷ್ಟ. ನಾಲಗೆ ಒಂದೇ ದಿನದಲ್ಲಿ ಒಲಿಯುತ್ತದೆ. ಹೃದಯಕ್ಕೆ ತಲೆಮಾರುಗಳೇ ಬೇಕಾಗುತ್ತವೆ.

ಈ ವಿಷಯದಲ್ಲಿ ಪ್ರವಾದಿವರ್ಯರು(ಸ) ನೀಡಿದ ಶಿಕ್ಷಣ ಅತ್ಯಂತ ಸ್ಪಷ್ಟವಾಗಿದೆ. ಸಾರು ಮಾಡುವಾಗ ನೀರನ್ನು ಹೆಚ್ಚಿಸಿ ನೆರೆಯವರಿಗೂ ಪಾಲು ಕೊಡಬೇಕೆಂದು ಅವರು ಅಬೂಝರ್(ರ)ರಿಗೆ ಉಪದೇಶಿಸಿದರು. ಮಾಂಸ ಹೆಚ್ಚಿರಬೇಕೆಂಬ ಷರತ್ತಿಲ್ಲ. ಬಡವನೂ ನೀರನ್ನು ಹೆಚ್ಚಿಸಬಲ್ಲ. ಅಬ್ದುಲ್ಲಾ ಇಬ್ನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು ಯಹೂದಿ ನೆರೆಯವನಿಗೆ ಪಾಲು ತಲುಪಿತೇ ಎಂದು. ಗ್ರಂಥದವರ ಆಹಾರ ನಮಗೂ ನಮ್ಮ ಆಹಾರ ಅವರಿಗೂ ಸಮ್ಮತವೆಂದು ಕುರ್‌ಆನಿನ ಅಲ್-ಮಾಇದಃ ಅಧ್ಯಾಯ ತಿಳಿಸುತ್ತದೆ. ಆ ಅಧ್ಯಾಯದ ಹೆಸರಿನ ಅರ್ಥವೇ ಊಟದ ಹಾಸು. ಅನ್ಯರ ಆರಾಧನೆಯಲ್ಲಿ ಪಾಲ್ಗೊಳ್ಳುವುದು ಬೇರೆ, ನೆರೆಯವರ ಹಸಿವನ್ನೂ ಏಕಾಂಗಿತನವನ್ನೂ ನೀಗಿಸುವುದು ಬೇರೆ. ಮೊದಲನೆಯದರಲ್ಲಿ ನಮ್ಮ ವಿಶ್ವಾಸದ ಗಡಿಗಳಿವೆ. ಎರಡನೆಯದಕ್ಕೆ ಗಡಿಯಿಲ್ಲ. ಹಬ್ಬದ ದಿನ ಒಂಟಿಯಾಗಿರುವ ಇಂಗ್ಲಿಷ್ ವೃದ್ಧನ ಮುಂದೆ ಅನ್ನದ ತಟ್ಟೆಯನ್ನಿಡುವ ಸಿಲ್ಹೆಟ್‌ನ ಸಹೋದರ ತನ್ನ ಧರ್ಮವನ್ನು ಕಳೆದುಕೊಳ್ಳುವುದಿಲ್ಲ, ಅದನ್ನು ಆಚರಿಸುತ್ತಾನೆ.

ಇನ್ನೊಂದು ಹದೀಸ್ ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತದೆ. ಸೇವಕನು ಅಡುಗೆ ಮಾಡಿ ತಂದಾಗ, ಒಲೆಯ ಬಿಸಿಯನ್ನೂ ಹೊಗೆಯನ್ನೂ ಸಹಿಸಿದವನು ಅವನೇ ಆದುದರಿಂದ ಅವನನ್ನು ಜೊತೆಯಲ್ಲಿ ಕುಳ್ಳಿರಿಸಿ ಉಣ್ಣಿಸಬೇಕು. ಆಹಾರ ಅತ್ಯಲ್ಪವಿದ್ದರೆ ಒಂದೆರಡು ತುತ್ತನ್ನಾದರೂ ಅವನ ಕೈಗಿಡಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಉಗಿಹಡಗಿನ ಬೆಂಕಿಯ ಮುಂದೆ ಬೆಂದವರಿಗೆ, ಹೋಟೆಲಿನ ಹೊಗೆಯಲ್ಲಿ ತಲೆ ನರೆತವರಿಗೆ ಜಗತ್ತು ನೀಡಬೇಕಾಗಿದ್ದುದು ಇದೇ ಆಸನವನ್ನು. ಊಟವನ್ನು ಹೊಗಳಿ, ಹಣ ಎಣಿಸಿಕೊಟ್ಟು, ಉಂಡವನು ಎದ್ದುಹೋದರೆ ವ್ಯಾಪಾರವಷ್ಟೇ ಮುಗಿಯುತ್ತದೆ. ಮಾಡಿದವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡಾಗ ಮಾತ್ರ ಅದು ಸಹಭೋಜನವಾಗುತ್ತದೆ.

ನಮ್ಮ ಕರಾವಳಿಯ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಕ್ರಿಸ್ಮಸ್ ಊಟಕ್ಕೆ ಕರ್ರಿ ಎಂದೂ ಪರ್ಯಾಯವಾಗಿರಲಿಲ್ಲ. ಮಂಗಳೂರಿನ ಕ್ರೈಸ್ತ ಬಾಂಧವರ ಹಬ್ಬದೂಟವೆಂದರೆ ಸಣ್ಣಾಸ್ ಮತ್ತು ಮಸಾಲೆಯ ಪದಾರ್ಥಗಳೇ. ಅಂದು ಅವರ ಮನೆಯ ಕುಸ್ವಾರಿನ ತಟ್ಟೆ, ನೆವ್ರಿ, ಕಿಡ್ಯೋ, ಗುಳಿಯೋಗಳನ್ನು ಹೊತ್ತು ನೆರೆಮನೆಗಳಿಗೆ ಹೋಗುತ್ತದೆ. ಪೆರ್ನಾಲ್ ದಿನ ಬ್ಯಾರಿ ಮನೆಗಳ ತಟ್ಟೆ ಅದೇ ದಾರಿಯಲ್ಲಿ ಮರಳುತ್ತದೆ. ಖಾಲಿ ತಟ್ಟೆಯನ್ನು ಹಿಂದಿರುಗಿಸಬಾರದೆಂಬ ನಮ್ಮ ಹಿರಿಯರ ಮರ್ಯಾದೆ ಯಾವ ಕಾನೂನಿನಲ್ಲಿಯೂ ಬರೆದದ್ದಲ್ಲ. ಆದರೆ ಯಾರ ಅಂಗಡಿಯಿಂದ ಏನು ಕೊಳ್ಳಬೇಕು, ಯಾರ ಕೈಯಿಂದ ಏನು ತಿನ್ನಬಾರದು ಎಂಬ ಮಾತುಗಳು ನಮ್ಮ ನಾಡಿನಲ್ಲಿಯೂ ಕೇಳಿಬರುತ್ತಿರುವ ಈ ದಿನಗಳಲ್ಲಿ, ಆ ತಟ್ಟೆಯ ಓಡಾಟ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ನಮ್ಮ ಮನೆಗಳ ಮೇಲೂ ಇದೆ.

ಬ್ರಿಟನ್ನಿನ ಕ್ರಿಸ್ಮಸ್ ಮೇಜಿನ ಮೇಲೆ ಟರ್ಕಿಯಿರಲಿ, ಕರ್ರಿಯಿರಲಿ, ಎರಡೂ ಹೊರಗಿನಿಂದ ಬಂದು ಮನೆಯವಾದವು. ಪದಾರ್ಥಕ್ಕೆ ಸಿಕ್ಕಿದ ಆ ಭಾಗ್ಯ ಅದನ್ನು ಹೊತ್ತು ತಂದ ಮನುಷ್ಯರಿಗೂ ಸಿಗಬೇಕು. ಲಂಡನ್ನಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಇಂದು ನಮ್ಮ ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ ಅದಕ್ಕೆ ಒಂದು ಲೋಟ ನೀರು ಹೆಚ್ಚು ಹಾಕೋಣ. ನೆರೆಯವರ ಬಾಗಿಲು ದೂರವಿಲ್ಲ. ಅಲ್ಲಾಹನು ನಮ್ಮ ಮನೆಗಳನ್ನು ಉಣಿಸುವ ಮನೆಗಳನ್ನಾಗಿ ಮಾಡಲಿ.